ಪರಕೀಯ ಬಂಡವಾಳಕ್ಕೆ ಆಶಾದಾಯಕವಾದ ಉದ್ಯಮ ಯಾವುದು? ಕೋಲಾರದ ಚಿನ್ನದ ಗಣಿಗಳ ನಿದರ್ಶನದಿಂದ ಒಂದು ವಿಮರ್ಶೆ

ಅಭಿವೃದ್ಧಿ ಹೊಂದುತ್ತಿರುವ ದೇಶವೊಂದರಲ್ಲಿ ಪರಕೀಯ ಬಂಡವಾಳವನ್ನು ಯಾವ ಯಾವ ಉದ್ಯಮಗಳಲ್ಲಿ ತೊಡಗಿಸುವುದು ಆಶಾದಾಯಕ ಎಂಬ ಪ್ರಶ್ನೆ ಅರ್ಥಶಾಸ್ತ್ರದ ಗ್ರಂಥಗಳಲ್ಲಿಯೂ ಸರ್ಕಾರದ ಪ್ರಕಟಣೆಗಳಲ್ಲಿಯೂ ಪುನಃ ಪುನಃ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಉತ್ತರವಾಗಿ ಸಾಮಾನ್ಯವಾಗಿ ಒಂದು ಪಟ್ಟಿಯನ್ನು ಕೊಡುವುದುಂಟು: ಖನಿಜ, ವಿದ್ಯುಚ್ಛಕ್ತಿ, ವಾಹನ, ಔಷಧ, ಎಲೆಕ್ಟ್ರಾನಿಕ್ ಉಪಕರಣ ಇತ್ಯಾದಿ. ಈ ಪಟ್ಟಿಗಳನ್ನು ಸಿದ್ಧಪಡಿಸುವವರು ಅನುಸರಿಸುವ ಅಳತೆಗೋಲುಗಳೂ ಬಹುಮಟ್ಟಿಗೆ ಒಂದೇ ಬಗೆಯವು: ಕಚ್ಚಾ ಸಾಮಗ್ರಿಯ ಸಮೃದ್ಧಿ, ಅಗ್ಗದ ಶ್ರಮ, ಶಕ್ತಿ ಮತ್ತು ಸಾರಿಗೆಯ ಸೌಕರ್ಯ, ಸರ್ಕಾರದ ಆನುಕೂಲ್ಯ. ಈ ನಾಲ್ಕೂ ಬಂಡವಾಳ ಹೂಡುವವನ ಕಣ್ಣಿನಿಂದ ಕಂಡ ಅಳತೆಗಳೆಂಬುದನ್ನು ನಾವು ಗಮನಿಸಬೇಕು. ಬಂಡವಾಳವನ್ನು ಬರಮಾಡಿಕೊಳ್ಳುವ ನೆಲದ ಕಡೆಯಿಂದ ನೋಡಿದಾಗ ಇವು ಸಾಲುವುವೇ ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಇದನ್ನು ಪರೀಕ್ಷಿಸುವುದಕ್ಕೆ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕಿಂತ ತಕ್ಕ ನಿದರ್ಶನ ಕರ್ನಾಟಕದಲ್ಲಿ ದೊರೆಯುವುದು ಕಷ್ಟ. 1880ರಿಂದ 1956ರ ವರೆಗೆ ಅಲ್ಲಿ ಲಂಡನ್ನಿನ ಬಂಡವಾಳ ಕೆಲಸ ಮಾಡಿತು. ಆಮೇಲೆ 45 ವರ್ಷ ಗಣಿಗಳು ಸರ್ಕಾರದ ಒಡೆತನದಲ್ಲಿದ್ದುವು. 2001ರ ಫೆಬ್ರವರಿ 28ರಂದು ಅವು ಮುಚ್ಚಿದುವು. ಈಗ ನಡೆಯುತ್ತಿರುವ ಉದ್ಯಮವೊಂದರ ಬಗ್ಗೆ ಊಹೆ ಮಾಡಬಹುದು, ಲೆಕ್ಕ ಹಾಕಲಾಗದು. ಇಲ್ಲಿಯಾದರೋ ಆದಿ, ಮಧ್ಯ, ಅಂತ್ಯ ಮೂರೂ ನಮ್ಮ ಮುಂದಿವೆ. ಆದುದರಿಂದ ಇತಿಹಾಸದ ವಿದ್ಯಾರ್ಥಿಗೆ ಇದು ಮುಗಿದ ಲೆಕ್ಕದ ಪುಸ್ತಕವಿದ್ದಂತೆ.

ಈ ಗಣಿಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಮೊದಲನೆಯದು ಪ್ರಶಂಸೆಯ ಅಭಿಪ್ರಾಯ. ಕುರುಚಲು ಗಿಡಗಳ ಬಯಲಿಗೆ ಆಂಗ್ಲರು ರೈಲನ್ನೂ ದೀಪವನ್ನೂ ಆಸ್ಪತ್ರೆಯನ್ನೂ ತಂದು ಅದನ್ನು ಕಿರಿಯ ಇಂಗ್ಲೆಂಡನ್ನಾಗಿ ಮಾಡಿದರು. ಅವರು ಹೋದರು, ವೈಭವವೂ ಹೋಯಿತು ಎಂಬುದು ಅದರ ಸಾರ. ಎರಡನೆಯದು ದೂಷಣೆಯ ಅಭಿಪ್ರಾಯ. ಸುಮಾರು 800 ಟನ್ ಚಿನ್ನವನ್ನು ಕೊಟ್ಟ ನೆಲಕ್ಕೆ ದೊರೆತುದು ಸಯನೈಡಿನ ದಿಬ್ಬಗಳು ಮಾತ್ರ. ನಡೆದುದು ಲೂಟಿಯೇ ಹೊರತು ಬೇರೆಯಲ್ಲ ಎಂಬುದು ಅದರ ಸಾರ. ಆ ಚಿನ್ನದಲ್ಲಿ ಒಂದು ಭಾಗ 1956ರ ಅನಂತರ ಸರ್ಕಾರದ ಆಡಳಿತದಲ್ಲಿಯೇ ತೆಗೆದುದೆಂಬುದನ್ನು ಈ ಪಕ್ಷ ಮರೆಯುತ್ತದೆ. ಎರಡೂ ಅಭಿಪ್ರಾಯಗಳಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಎರಡೂ ಕಂಪನಿ ಏನು ಮಾಡಿತು ಎಂಬುದನ್ನಷ್ಟೇ ಕೇಳುತ್ತವೆ. ಮೈಸೂರು ಸಂಸ್ಥಾನ ಏನು ಮಾಡಿತು, ಏನನ್ನು ಮಾಡದೆ ಬಿಟ್ಟಿತು ಎಂದು ಕೇಳುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ ಅದೇ.

ಬಂಡವಾಳ ಬಂದ ಬಗೆಯನ್ನು ಮೊದಲು ನೋಡೋಣ. 1802ರಲ್ಲಿ ಮೈಸೂರಿನ ಗಡಿಯ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್, ಉರಿಗಾಂ ಮತ್ತು ಮಾರಿಕುಪ್ಪಂ ಗ್ರಾಮಗಳ ಸುತ್ತಿನ ಜನರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನೂ ಹಳೆಯ ಗುಂಡಿಗಳಲ್ಲಿ ಇಳಿದು ಕಲ್ಲು ತರುವುದನ್ನೂ ಕಂಡು ವರದಿ ಬರೆದನು. ಸುಮಾರು 70 ವರ್ಷಗಳ ಬಳಿಕ ಆ ವರದಿಯನ್ನು ಓದಿದವನು ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲಸಿದ್ದ ನಿವೃತ್ತ ಯೋಧ ಮೈಕೇಲ್ ಲವೆಲ್. ಅವನು 1873ರಲ್ಲಿ ಅರ್ಜಿ ಸಲ್ಲಿಸಿ 1875ರಲ್ಲಿ ಗಣಿಗಾರಿಕೆಯ ಹಕ್ಕನ್ನು ಪಡೆದನು. ಅವನಲ್ಲಿ ಹಕ್ಕಿತ್ತು, ಹಣವಿರಲಿಲ್ಲ. 1877ರಲ್ಲಿ ಆ ಹಕ್ಕು ಮದರಾಸಿನ ಸೇನಾಧಿಕಾರಿಗಳ ಒಂದು ಕೂಟಕ್ಕೆ ಹೋಯಿತು. ಅಲ್ಲಿಂದ 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ತಜ್ಞರ ಸಂಸ್ಥೆಯ ನಿರ್ವಹಣೆಗೆ ಬಂದಿತು.

ಅದೇ ವರ್ಷಗಳಲ್ಲಿ ಲಂಡನ್ನಿನ ಷೇರುಪೇಟೆಯಲ್ಲಿ ಹೆಚ್ಚು ಆಶಾದಾಯಕವೆಂದು ಎಣಿಸಲ್ಪಟ್ಟುದು ಕೋಲಾರವಲ್ಲ, ನೈಋತ್ಯದ ವೈನಾಡು ಎಂಬುದು ನೆನಪಿಡತಕ್ಕ ಸಂಗತಿ. ವೈನಾಡಿನ ಚಿನ್ನಕ್ಕಾಗಿ ಹತ್ತಾರು ಕಂಪನಿಗಳು ಹುಟ್ಟಿ ಅಪಾರ ಹಣವನ್ನು ಸುರಿದುವು. ಕೆಲವೇ ವರ್ಷಗಳಲ್ಲಿ ಬಹುಪಾಲು ನಾಮಾವಶೇಷವಾದುವು. ಕೋಲಾರದ ಕಂಪನಿಗಳೂ ಅದೇ ಹಾದಿ ಹಿಡಿಯುವುದರಲ್ಲಿದ್ದುವು. ಹಣ ಮುಗಿಯುವ ವೇಳೆಗೆ ಪ್ಲಮ್ಮರ್ ಎಂಬ ಗಣಿ ಅಧಿಕಾರಿ ದೇಶೀಯರ ಪುರಾತನ ಗುಂಡಿಗಳ ಜಾಡನ್ನು ಹಿಡಿದು ಚಾಂಪಿಯನ್ ಪದರವನ್ನು ಕಂಡುಹಿಡಿದುದರಿಂದ ಅವು ಉಳಿದುವು. ಆಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಕಂಪನಿಗಳು ದಶಕಗಟ್ಟಲೆ ಲಾಭಾಂಶ ಹಂಚಿದುವು. ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ಆಶಾದಾಯಕ ಉದ್ಯಮಗಳ ಪಟ್ಟಿ ಪೇಟೆಯ ಉತ್ಸಾಹವನ್ನು ಅಳೆಯುತ್ತದೆಯೇ ಹೊರತು ನೆಲದ ಯೋಗ್ಯತೆಯನ್ನಲ್ಲ ಎಂಬುದು ಒಂದು. ಪರಕೀಯ ಬಂಡವಾಳಕ್ಕೆ ದಾರಿ ತೋರಿಸಿದುದು ಅನೇಕ ವೇಳೆ ಹೆಸರಿಲ್ಲದ ಸ್ಥಳೀಯರ ಹಳೆಯ ಅನುಭವವೇ ಎಂಬುದು ಇನ್ನೊಂದು. ಆ ಅನುಭವಕ್ಕೆ ಯಾವ ಕಂಪನಿಯ ಷೇರು ಪುಸ್ತಕದಲ್ಲಿಯೂ ಪಾಲು ದೊರೆಯಲಿಲ್ಲ.

ಇನ್ನು ರೈಲು ಮತ್ತು ವಿದ್ಯುತ್ತಿನ ವಿಚಾರ. ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ 1864ರಲ್ಲಿಯೇ ತೆರೆದಿತ್ತು. ಅಂದರೆ ಗಣಿ ಕಂಪನಿಗಳಿಗಿಂತ ಮೊದಲು. ಆ ಮಾರ್ಗದ ಮೇಲೆ ಬೆಳೆದ ಊರಿಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗನ ಹೆಸರನ್ನಿಟ್ಟರು. ಆ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಅಲ್ಲಿಂದ ಮಾರಿಕುಪ್ಪಂಗೆ ಹತ್ತು ಮೈಲಿಯ ಶಾಖಾಮಾರ್ಗ 1894ರಲ್ಲಿ ಸಿದ್ಧವಾಯಿತು. ಕಲ್ಲಿದ್ದಲು, ಯಂತ್ರ, ಮರ, ಅಕ್ಕಿ, ಜನ ಎಲ್ಲವೂ ಈ ಜಂಕ್ಷನ್ನಿನ ಮೂಲಕ ಗಣಿಗೆ ಹೋದುವು. ಚಿನ್ನ ಇದರ ಮೂಲಕ ಹೊರಬಿದ್ದಿತು.

ಗಣಿಗೆ ದೀಪ ಬಂದ ಬಗೆ ಪ್ರಶಂಸಕರು ಹೇಳುವಂತಿಲ್ಲ. ಶಿವಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆ ಮೈಸೂರು ಸರ್ಕಾರದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅದನ್ನು ರೂಪಿಸಿದನು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಹಣ ಸಂಸ್ಥಾನದ ಬೊಕ್ಕಸದ್ದು. 1902ರ ಜೂನಿನಲ್ಲಿ ಸುಮಾರು 92 ಮೈಲಿ ದೂರದ ತಂತಿಯ ಮೂಲಕ ಸುಮಾರು 4,000 ಅಶ್ವಶಕ್ತಿ ಗಣಿಗಳಿಗೆ ಹರಿಯಿತು. ಜಗತ್ತಿನಲ್ಲಿ ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಉದಾಹರಣೆಗಳು ಆಗ ವಿರಳ. ಗಣಿ ಕಂಪನಿಗಳು ಇಲ್ಲಿ ದಾನಿಗಳಲ್ಲ, ಗಿರಾಕಿಗಳು. ಒಪ್ಪಂದದಂತೆ ಹಣ ಕೊಟ್ಟು ವಿದ್ಯುತ್ತನ್ನು ಕೊಂಡವರು. ಅಂತೆಯೇ ದೂಷಕರ ಮಾತೂ ಇಲ್ಲಿ ಪೂರ್ತಿಯಾಗಿ ನಿಲ್ಲದು. ನಿಶ್ಚಿತವಾಗಿ ಹಣ ಕೊಡುವ ಅಂತಹ ದೊಡ್ಡ ಗಿರಾಕಿ ಇಲ್ಲದಿದ್ದಲ್ಲಿ ಸಂಸ್ಥಾನವು ಆ ಸಾಹಸಕ್ಕೆ ಕೈ ಹಾಕುತ್ತಿತ್ತೆಂದು ಹೇಳುವುದು ಕಷ್ಟ. 1905ರಲ್ಲಿ ಬೆಂಗಳೂರಿಗೆ ಬಂದ ವಿದ್ಯುತ್ತು, ಅದರಿಂದ ನಡೆದ ಗಿರಣಿ ಮತ್ತು ಕಾರ್ಖಾನೆಗಳು, ಬೆಳೆದ ಇಂಜಿನಿಯರುಗಳ ಪೀಳಿಗೆ ಇವೆಲ್ಲ ಈ ಒಪ್ಪಂದದಿಂದ ಹರಿದ ಕಾಲುವೆಗಳು. ಗಣಿಗಳು ಮುಚ್ಚಿ ಎರಡು ದಶಕ ಕಳೆದರೂ ಶಿವಸಮುದ್ರದಲ್ಲಿ ವಿದ್ಯುತ್ತಿನ ಉತ್ಪಾದನೆ ನಡೆದೇ ಇದೆ.

ಹೀಗಿರುವಲ್ಲಿ ನಮ್ಮ ಮುಖ್ಯ ಅಭಿಪ್ರಾಯವನ್ನು ಇಲ್ಲಿಯೇ ಹೇಳಬಹುದು. ಪರಕೀಯ ಬಂಡವಾಳದಿಂದ ಬಾಳಿಕೆಯ ಲಾಭ ದೊರೆತುದು ಅದು ತಾನಾಗಿ ಕೊಟ್ಟುದರಿಂದಲ್ಲ. ಅದರ ಅಗತ್ಯವನ್ನು ಉಪಯೋಗಿಸಿಕೊಂಡು ಸಂಸ್ಥಾನ ತಾನೇ ಕಟ್ಟಿಕೊಂಡುದರಿಂದ. ಸಂಸ್ಥಾನ ಕಟ್ಟಿಕೊಂಡಲ್ಲಿ ಏನಾದರೂ ಉಳಿಯಿತು. ಸುಮ್ಮನೆ ರಾಜಧನವನ್ನು ಎಣಿಸಿಕೊಂಡಲ್ಲಿ ಉಳಿಯಲಿಲ್ಲ.

ಎರಡನೆಯ ಭಾಗಕ್ಕೆ ಪ್ರಮಾಣವನ್ನು ಗಣಿಯ ಊರಿನಲ್ಲಿಯೇ ಹುಡುಕಬೇಕು. ತೆಗೆದ ಚಿನ್ನದ ಮೇಲೆ ಸರ್ಕಾರಕ್ಕೆ ಶೇಕಡ 5ರ ರಾಜಧನ ಸಲ್ಲುತ್ತಿತ್ತು. ಸಂಸ್ಥಾನದ ಆದಾಯದಲ್ಲಿ ಅದು ಗಣನೀಯವಾದ ಬಾಬು. ಆದರೆ ಅದರಲ್ಲಿ ಒಂದು ನಿಯತವಾದ ಅಂಶವನ್ನು ಗಣಿ ಮುಗಿದ ಮೇಲಿನ ದಿನಗಳಿಗಾಗಿ ಆ ತಾಲ್ಲೂಕಿನ ಹೆಸರಿನಲ್ಲಿ ತೆಗೆದಿಡುವ ಏರ್ಪಾಡು ಕಾಣಬರುವುದಿಲ್ಲ. ಗಣಿಯೆಂಬುದು ಮುಗಿಯತಕ್ಕ ವಸ್ತು. ಅದರ ಆದಾಯವನ್ನು ಹೊಲದ ಕಂದಾಯದಂತೆ ವರ್ಷ ವರ್ಷ ಖರ್ಚು ಮಾಡುವುದು ಮೂಲಧನವನ್ನೇ ಉಂಡಂತೆ.

ಕೌಶಲದ ವಿಚಾರದಲ್ಲಿಯೂ ಹೀಗೆಯೇ ಆಯಿತು. ಮೇಲ್ವಿಚಾರಣೆಯ ಕೆಲಸಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ಗಣಿಗಾರರು ಬಂದರು. ಮಧ್ಯದ ಹುದ್ದೆಗಳಲ್ಲಿ ಆಂಗ್ಲೋ ಇಂಡಿಯನ್ನರು ಹೆಚ್ಚಾಗಿದ್ದರು. ನೆಲದಡಿಯ ಕೆಲಸಕ್ಕೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳ ಬಡ ಜನರು, ಅದರಲ್ಲಿಯೂ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರು, ಕಂತ್ರಾಟುದಾರರ ಮೂಲಕ ಬಂದು ಸೇರಿದರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕೆಲಸಗಾರರ ಸಂಖ್ಯೆ ಸುಮಾರು 30,000. ಹಳ್ಳಿಯ ಜಾತಿ ಕಟ್ಟಳೆಯಿಂದ ಬಿಡುಗಡೆ, ನಗದು ಕೂಲಿ, ಶಾಲೆ, ಸಂಘಟನೆ ಇವು ಅವರಿಗೆ ಗಣಿಯಿಂದ ದೊರೆತುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅನೇಕ ಕುಟುಂಬಗಳಿಗೆ ಅದೇ ದೊಡ್ಡ ಲಾಭ. ಆದರೆ ಸುರಂಗ ಕುಸಿತದ ಅಪಾಯ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ, ಕಾವಲು ಮತ್ತು ತಪಾಸಣೆಯ ಅವಮಾನ ಇವೂ ಅವರ ಪಾಲಿಗೇ ಬಂದುವು. 1930ರಲ್ಲಿ ಕೆಲಸಗಾರರ ಬೆರಳಚ್ಚು ಪಡೆಯುವ ಕ್ರಮವನ್ನು ವಿರೋಧಿಸಿ ಅವರು ಹೂಡಿದ ಮುಷ್ಕರ ಸಂಸ್ಥಾನದ ಕಾರ್ಮಿಕ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಬಂಡೆಯ ಸ್ವಭಾವವನ್ನು ಕೈಯಿಂದ ತಿಳಿದ ಆ ಜನರ ಜ್ಞಾನವು ಪದವಿಯಾಗಿ, ಸ್ವಂತ ಕಾರ್ಖಾನೆಯಾಗಿ, ಯಂತ್ರ ತಯಾರಿಕೆಯಾಗಿ ಮಾರ್ಪಡುವುದಕ್ಕೆ ಹಾದಿಯನ್ನು ಯಾರೂ ಸಕಾಲದಲ್ಲಿ ಹಾಕಲಿಲ್ಲ.

ಅರ್ಥಶಾಸ್ತ್ರಜ್ಞರು ಈ ಸ್ಥಿತಿಯನ್ನು ಬೇರೆ ಬೇರೆ ದೇಶಗಳ ಆಧಾರದಿಂದ ವಿವರಿಸಿದ್ದಾರೆ. ಹಿಂದುಳಿದ ದೇಶಗಳಲ್ಲಿ ಪರಕೀಯ ಬಂಡವಾಳ ಕಟ್ಟಿದ ಗಣಿ ಮತ್ತು ತೋಟಗಳು ಭೂಗೋಳದಲ್ಲಿ ಆ ದೇಶಕ್ಕೆ ಸೇರಿದ್ದರೂ ಆರ್ಥಿಕವಾಗಿ ಬಂಡವಾಳ ಹೂಡಿದ ದೇಶದ ಅಂಗಗಳೇ ಎಂದು ಹಾನ್ಸ್ ಸಿಂಗರ್ 1950ರಲ್ಲಿ ವಾದಿಸಿದನು. ಒಂದು ಉದ್ಯಮವು ತನ್ನ ಹಿಂದೆ ಮತ್ತು ಮುಂದೆ ಎಷ್ಟು ಉದ್ಯಮಗಳನ್ನು ಹುಟ್ಟಿಸುತ್ತದೆಂಬುದನ್ನು ನೋಡಬೇಕೆಂದು ಆಲ್ಬರ್ಟ್ ಹರ್ಷ್‌ಮನ್ 1958ರಲ್ಲಿ ಬರೆದನು. ಅವರಿಗಿಂತ ಬಹು ಹಿಂದೆ, 1901ರಲ್ಲಿ, ದಾದಾಭಾಯಿ ನವರೋಜಿಯವರು ಸಂಪತ್ತಿನ ಸೋರಿಕೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ್ದರು. ಹರ್ಷ್‌ಮನ್ನನ ಅಳತೆಯಿಂದ ನೋಡಿದರೆ ಚಿನ್ನದ ಗಣಿ ಬಡ ಉದ್ಯಮ. ಕಬ್ಬಿಣದಿಂದ ನೇಗಿಲು, ಕೊಳವೆ, ಯಂತ್ರಗಳಾಗುತ್ತವೆ. ಚಿನ್ನದ ಗಟ್ಟಿಯಾದರೋ ಪೆಟ್ಟಿಗೆಯಲ್ಲಿ ಕುಳಿತು ಹಡಗನ್ನೇರುತ್ತದೆ. ಇಲ್ಲಿ ಭದ್ರಾವತಿಯನ್ನು ಹೋಲಿಸುವುದು ಉಚಿತ. ಅಲ್ಲಿಯೂ ಅಮೆರಿಕದ ತಜ್ಞರ ಸಲಹೆಯಿತ್ತು. ಆದರೆ ಬಂಡವಾಳವೂ ನಿರ್ಧಾರವೂ ಮೈಸೂರಿನವು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಆರಂಭವಾಗಿ 1923ರಲ್ಲಿ ಉತ್ಪಾದನೆಗೆ ಬಂದ ಆ ಕಾರ್ಖಾನೆಗೆ ಲಾಭನಷ್ಟದ ತೊಂದರೆಗಳು ಎಂದೂ ತಪ್ಪಲಿಲ್ಲ. ಆದರೂ ದೇಶೀಯರು ಕಲಿತು ನಡೆಸಿದ ಕಾರ್ಖಾನೆಯೆಂಬ ಕೀರ್ತಿ ಅದಕ್ಕಿದೆ.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ಪರಕೀಯ ಬಂಡವಾಳವಿಲ್ಲದೆ 1880ರಲ್ಲಿ ಗಣಿಯೇ ಇರುತ್ತಿರಲಿಲ್ಲ ಎಂಬುದು ಮೊದಲನೆಯದು. ಇದನ್ನು ನಾವು ಒಪ್ಪುತ್ತೇವೆ. ವೈನಾಡಿನಲ್ಲಿ ಮುಳುಗಿದಂತಹ ಹಣವನ್ನು ಕೋಲಾರದಲ್ಲಿ ಮುಳುಗಿಸುವ ಧೈರ್ಯ ಸಂಸ್ಥಾನದ ಬೊಕ್ಕಸಕ್ಕೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕಾಲು ಜಾರುವ ಹೆಜ್ಜೆಯನ್ನು ಇನ್ನೊಬ್ಬರ ಹಣದಿಂದ ಇಡಿಸುವುದು ಪರಕೀಯ ಬಂಡವಾಳದ ನ್ಯಾಯವಾದ ಉಪಯೋಗ. ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು: ಗಣಿ ಅವನತಿಗೆ ಬಂದುದು ಸರ್ಕಾರದ ಒಡೆತನದಲ್ಲಿ, ಪರಕೀಯರ ಕಾಲದಲ್ಲಲ್ಲ. 1956ರ ಏಪ್ರಿಲಿನ ಕೈಗಾರಿಕಾ ನೀತಿಯ ನಿರ್ಣಯವು ಚಿನ್ನದ ಗಣಿಗಾರಿಕೆಯನ್ನು ಸರ್ಕಾರದ ಪಾಲಿಗೆ ಕಾಯ್ದಿರಿಸಿತು. ಅದೇ ವರ್ಷದ ಕೊನೆಯಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಆದರೆ ವಹಿಸಿಕೊಂಡ ಹೊತ್ತಿಗೆ ಸಮೃದ್ಧವಾದ ಅದಿರು ಬಹುಪಾಲು ತೆಗೆದುಹೋಗಿತ್ತು. ಚಾಂಪಿಯನ್ ರೀಫ್ ಗಣಿಯಾದರೋ ಮುಂದೆ 3 ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಇಳಿದು, ತೆಗೆಯುವ ವೆಚ್ಚ ಏರುತ್ತ ಹೋಯಿತು. ಮಜ್ಜಿಗೆಯನ್ನು ವಹಿಸಿಕೊಂಡವನನ್ನು ಬೆಣ್ಣೆ ಎಲ್ಲಿ ಎಂದು ಕೇಳುವುದರಲ್ಲಿ ಪೂರ್ತಿ ನ್ಯಾಯವಿಲ್ಲ. ಹಾಗೆಂದು ಸರ್ಕಾರವೂ ದೋಷಮುಕ್ತವಲ್ಲ. ಅಂತ್ಯ ಸಮೀಪಿಸುತ್ತಿದೆಯೆಂದು ತಿಳಿದಿದ್ದ 45 ವರ್ಷಗಳಲ್ಲಿ ಬದಲಿ ಜೀವನೋಪಾಯವನ್ನು ಸಾಕಷ್ಟು ಕಟ್ಟದೆ ಹೋದುದು ಅದರದೇ ತಪ್ಪು.

ಸಾಕಷ್ಟು ಎಂದೆವು, ಏನೂ ಆಗಲಿಲ್ಲವೆಂದಲ್ಲ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ಗಣಿಯ ಊರಿನಲ್ಲಿಯೇ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆಯನ್ನು ತೆರೆಯಿತು. ಜಪಾನಿನ ಕೊಮಾಟ್ಸು ಮೊದಲಾದ ಸಂಸ್ಥೆಗಳಿಂದ ಅದು ತಂತ್ರಜ್ಞಾನವನ್ನು ಪಡೆಯಿತು, ಒಡೆತನವನ್ನು ಕೊಡಲಿಲ್ಲ. ಗಣಿ ಮುಚ್ಚಿದ ಮೇಲೂ ಆ ಕಾರ್ಖಾನೆ ನಡೆಯುತ್ತಿದೆ. ಗಣಿಯ ಆಳವೂ ಒಂದು ಸಂಪತ್ತಾಗಿತ್ತು: 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಇಲ್ಲಿ ಗುರುತಿಸಿದರು. ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಆ ಸಂಪತ್ತೂ ಅದರೊಡನೆ ಮುಳುಗಿತು.

ಈ ಲೆಕ್ಕ ಇಂದು ಬೇಕಾಗಿರುವುದಕ್ಕೆ ಕಾರಣವಿದೆ. 1991ರ ಅನಂತರ ಪರಕೀಯ ಬಂಡವಾಳಕ್ಕೆ ಬಾಗಿಲು ತೆರೆಯಿತು. 1993ರ ಖನಿಜ ನೀತಿಯು ಚಿನ್ನವೂ ಸೇರಿ 13 ಖನಿಜಗಳನ್ನು ಖಾಸಗಿಯವರಿಗೆ ಬಿಟ್ಟಿತು. ಕೋಲಾರ ಜಿಲ್ಲೆಯಲ್ಲಿಯೇ, ಬೆಂಗಳೂರಿನ ಹೆದ್ದಾರಿಯ ನರಸಾಪುರದಲ್ಲಿ, ಜಪಾನಿನ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ 2013ರಲ್ಲಿ ಆರಂಭವಾಯಿತು. ತೈವಾನಿನ ವಿಸ್ಟ್ರಾನ್ ಕಂಪನಿ ಅಲ್ಲಿಯೇ ದೂರವಾಣಿ ಉಪಕರಣಗಳನ್ನು ಜೋಡಿಸಲು ತೊಡಗಿತು. 2020ರ ಡಿಸೆಂಬರಿನಲ್ಲಿ ಕೂಲಿ ಸರಿಯಾಗಿ ಸಲ್ಲಲಿಲ್ಲವೆಂದು ಕೆಲಸಗಾರರು ಅಲ್ಲಿ ದಾಂಧಲೆ ಎಬ್ಬಿಸಿದರು. ಅವರಲ್ಲಿ ಬಹುಪಾಲು ಕಂತ್ರಾಟುದಾರರ ಮೂಲಕ ಬಂದವರು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ವಶಕ್ಕೆ ಬಂದಿತು. ಕಾರ್ಖಾನೆ ನೂತನ, ಸರಕು ನೂತನ; ಕೆಲಸಗಾರನಿಗೂ ಒಡೆಯನಿಗೂ ನಡುವೆ ನಿಂತ ಕಂತ್ರಾಟುದಾರನು ಮಾತ್ರ ಹಳಬ. ಇತ್ತ ಗಣಿಯ ಊರಿನ 13 ದಿಬ್ಬಗಳಲ್ಲಿ, ಸುಮಾರು 1,003 ಎಕರೆಯಲ್ಲಿ ಹರಡಿದ ಮಣ್ಣಿನಿಂದ ಅಳಿದುಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವನೆಗೆ 2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆಯಿತ್ತಿತು. ಆಶಾದಾಯಕ ಉದ್ಯಮಗಳ ಪಟ್ಟಿಗೆ ಕೋಲಾರ ಮತ್ತೊಮ್ಮೆ ಸೇರಿದೆ.

ಆದುದರಿಂದ ಆ ನಾಲ್ಕು ಹಳೆಯ ಅಳತೆಗಳ ಜೊತೆಗೆ ಬರಮಾಡಿಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳನ್ನೂ ಸೇರಿಸುವುದು ಅವಶ್ಯ. ಈ ಉದ್ಯಮದ ಅಗತ್ಯವನ್ನು ಆಧಾರವಾಗಿಟ್ಟುಕೊಂಡು ಶಿವಸಮುದ್ರದಂತೆ ಸಾರ್ವಜನಿಕರ ಸ್ವತ್ತಾಗಿ ಉಳಿಯುವ ಯಾವುದನ್ನು ಕಟ್ಟಬಹುದು? ಅದರ ಬಿಡಿಭಾಗಗಳಲ್ಲಿ ಎಷ್ಟನ್ನು ಹತ್ತು ವರ್ಷಗಳಲ್ಲಿ ಇಲ್ಲಿಯವರೇ ತಯಾರಿಸಬಲ್ಲರು? ಮೇಲಿನ ಹುದ್ದೆಗೆ ಏರುವ ಹಾದಿ ಇಲ್ಲಿಯ ಕೆಲಸಗಾರನಿಗೆ ತೆರೆದಿದೆಯೆ? ಕೆಡಿಸಿದ ನೀರನ್ನೂ ನೆಲವನ್ನೂ ಸರಿಪಡಿಸುವ ಹಣ ಮೊದಲೇ ಠೇವಣಿಯಾಗಿದೆಯೆ? ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಡುವ ಉದ್ಯಮ ಚಿಕ್ಕದಾದರೂ ಆಶಾದಾಯಕ; ಕೊಡದ ಉದ್ಯಮ ಎಷ್ಟು ಕೋಟಿಯದಾದರೂ ವೈನಾಡಿನ ಷೇರು ಪತ್ರವೇ ಸರಿ.

ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳನ್ನು ಸಾವಿರಗಟ್ಟಲೆ ತುಂಬಿಕೊಂಡು ಬಂಗಾರಪೇಟೆಯ ಮೂಲಕ ಬೆಂಗಳೂರಿನ ಕೆಲಸಗಳಿಗೆ ಒಯ್ಯುತ್ತವೆ. ಅದೇ ಹಳಿಯ ಮೇಲೆ ಎದುರು ದಿಕ್ಕಿನಲ್ಲಿ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನು, ತಮ್ಮ ಊರು ಇಷ್ಟು ಚಿನ್ನವನ್ನು ಕೊಟ್ಟರೂ ಊರಿನಲ್ಲಿ ಉದ್ಯೋಗವೇಕಿಲ್ಲವೆಂದು ತರಗತಿಯಲ್ಲಿ ಕೇಳಿದನು. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿತು. ಅವನಿಗೆ ನಾವು ಕೊಡಬಲ್ಲ ಉತ್ತರ ಇಷ್ಟೆ: ಬಂಡವಾಳ ಬಂದಾಗ ಎಷ್ಟು ಬಂದಿತೆಂದು ಎಣಿಸಿದೆವು, ಹೋಗುವಾಗ ಏನನ್ನು ಬಿಟ್ಟು ಹೋಗತಕ್ಕದ್ದೆಂದು ಮೊದಲೇ ಬರೆದಿಟ್ಟುಕೊಳ್ಳಲಿಲ್ಲ. ಇನ್ನು ಮುಂದೆ ಬರೆಯಲಿರುವ ಒಪ್ಪಂದಗಳಲ್ಲಿ ಆ ಕಲಮು ಇರಬೇಕು.